ನೋಂಬಿನ ಮೊಟ್ಟೆಗಳು

ಈಸ್ಟರಿಗೆ ಮುಂಚಿನ ಐವತ್ತು ದಿನದ ನೋಂಬಿನಲ್ಲಿ, ಅಂದರೆ ವ್ರತದಲ್ಲಿ, ನಮಗೆ ಮೀನಿಲ್ಲ, ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಇದು ಮನುಷ್ಯರಿಗೆ ಹಾಕಿದ ಕಟ್ಟು. ಬಾತುಗಳಿಗೆ ಯಾರೂ ಹೇಳಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಕೊಯ್ಲು ಮುಗಿದು ಗದ್ದೆಯ ತುಂಬ ಕಾಳು ಉದುರಿರುತ್ತದೆ. ಬಾತುಗಳು ಹೊಟ್ಟೆ ಬಿರಿಯ ತಿಂದು, ವರ್ಷದಲ್ಲಿ ಇನ್ಯಾವಾಗಲೂ ಇಡದಷ್ಟು ಮೊಟ್ಟೆ ಇಡುತ್ತವೆ. ತಿನ್ನುವ ಬಾಯಿಗಳೆಲ್ಲ ಮುಚ್ಚಿರುವಾಗಲೇ ಬುಟ್ಟಿ ತುಂಬುತ್ತದೆ. ಇದನ್ನು ಹೀಗೆ ಹೊಂದಿಸಿದವರು ಯಾರೋ ಏನೋ, ಅಡುಗೆಮನೆಯವರಂತೂ ಅಲ್ಲ ಎಂದು ಪೆಣ್ಣಮ್ಮ ಚೇಡತ್ತಿ ಹೇಳುತ್ತಿದ್ದರು.

ವಯಸ್ಸಿನಲ್ಲಿ ನನ್ನ ಅತ್ತೆಗೆ ಸಮನಾದವರು. ಆದರೂ ಗದ್ದೆಗೂ ನೀರಿಗೂ ನಡುವಿನ ಒಡ್ಡಿನ ಮೇಲೆ ಮನೆ ಮಾಡಿಕೊಂಡಿದ್ದ ಹೆಂಗಸರೆಲ್ಲ ಅವರನ್ನು ಅಕ್ಕನ ಹಾಗೆ ಚೇಡತ್ತಿ ಎಂದೇ ಕರೆಯುತ್ತಿದ್ದೆವು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ತೋಡು, ಸಣ್ಣ ಕಾಲುವೆ. ಈ ದಡದಲ್ಲಿ ನಾನು ಪಾತ್ರೆ ಉಜ್ಜುವಾಗ ಆ ದಡದಲ್ಲಿ ಅವರು ಬಟ್ಟೆ ಒಗೆಯುತ್ತಿದ್ದರು. ಕೂಗದೆಯೇ ಮಾತು ಕೇಳುವಷ್ಟು ದೂರ. ಅವರ ಗಂಡ ಇಟ್ಟೂಪ್, ನಮಗೆಲ್ಲ ಅಣ್ಣನ ಹಾಗೆ ಇಟ್ಟೂಪ್ ಚೇಟ್ಟ, ಗದ್ದೆಯ ನೀರೆತ್ತುವ ಮೋಟಾರು ಶೆಡ್ಡಿನಲ್ಲಿ ಕೆಲಸ ಮಾಡಿ ಬಿಟ್ಟವರು. ಕೆಟ್ಟ ಮನುಷ್ಯರಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಶುಚಿ ಎಂದರೆ ಪ್ರಾಣ. ಅವರ ಸೈಕಲ್ಲಿನ ಕಡ್ಡಿಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವರು ಉಡುವ ಬಿಳಿ ಮುಂಡಿನ, ಪಂಚೆಯ, ಮೇಲೆ ಒಂದು ಕಲೆ ಕಂಡವರಿಲ್ಲ. ಅದನ್ನು ಒಗೆಯುತ್ತಿದ್ದವರು ಯಾರೆಂದು ನಾನು ದಿನವೂ ಕಾಣುತ್ತಿದ್ದೆ.

ಮೂವತ್ತು ವರ್ಷದ ಹಿಂದಿನ ಮಾತು. ಆಗ ನಮ್ಮ ಒಡ್ಡಿನ ಮೇಲೆ ಒಂದು ಮನೆಯಲ್ಲೂ ಫ್ರಿಜ್ ಇರಲಿಲ್ಲ. ನೋಂಬಿನ ಮೊದಲರ್ಧದ ಮೊಟ್ಟೆಗಳೆಲ್ಲ ದೋಣಿಯಲ್ಲಿ ಬರುವ ಮೊಟ್ಟೆಯವನಿಗೆ ಹೋಗುತ್ತಿದ್ದವು, ಉಳಿದರ್ಧದವು ಮನೆಯಲ್ಲೇ ಈಸ್ಟರಿಗೆಂದು ಉಳಿಯುತ್ತಿದ್ದವು. ಆ ಸುಡುಬಿಸಿಲಿನಲ್ಲಿ ಅವನ್ನು ಕೆಡದಂತೆ ಕಾಯಬೇಕು. ಚೇಡತ್ತಿ ಬೆಳಕು ಹರಿಯುವ ಮುಂಚೆ ಬಾತಿನ ಗೂಡಿಗೆ ಬಗ್ಗಿ ಹೋಗುತ್ತಿದ್ದರು. ಬಾತು ಕೋಳಿಯ ಹಾಗಲ್ಲ, ಎಲ್ಲಿ ನಿಂತಿತೋ ಅಲ್ಲೇ ಇಡುತ್ತದೆ, ಇಟ್ಟದ್ದನ್ನು ತಾನೇ ತುಳಿಯುತ್ತದೆ. ಮಣ್ಣು, ಹಿಕ್ಕೆ ಮೆತ್ತಿದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ, ಒಣಗಿದ ತೆಂಗಿನ ನಾರಿನಿಂದ ಮೆಲ್ಲಗೆ ಒರೆಸಬೇಕು. ನೀರು ಮುಟ್ಟಿಸುವಂತಿಲ್ಲ. ಮೊಟ್ಟೆಯ ಮೈಗೆ ಇಡುವಾಗಲೇ ಒಂದು ಪೊರೆ ಹತ್ತಿರುತ್ತದೆ, ಅದು ಕರಗಿದರೆ ಹೊರಗಿನ ಕೊಳೆ ಒಳಗೆ ದಾರಿ ಹಿಡಿಯುತ್ತದೆ. ಒರೆಸಿದರೂ ಹೋಗದಷ್ಟು ಕೊಳೆಯಾದದ್ದನ್ನು ಬೇರೆ ತೆಗೆದು, ನೋಂಬಿಲ್ಲದ ಪಕ್ಕದ ಮನೆಯ ಭಾರ್ಗವಿಗೆ ಅಂದೇ ಕೊಡುತ್ತಿದ್ದರು. ಉಳಿದದ್ದನ್ನು ಬಾಗಿಲ ಬೆಳಕಿಗೆ ಹಿಡಿದು, ಕೈಯನ್ನು ಕೊಳವೆ ಮಾಡಿ ಒಳಗೆ ನೋಡಿ, ಬಿರುಕಿಲ್ಲವೆಂದು ಕಂಡ ಮೇಲೆ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಗುವಿನ ತಲೆ ಸವರುವಂತೆ ಸವರಬೇಕು. ಆಮೇಲೆ ಮಡಕೆ. ತಳಕ್ಕೆ ಭತ್ತದ ಹೊಟ್ಟು, ಮೇಲೆ ಚೂಪು ತುದಿ ಕೆಳಗಾಗುವಂತೆ ಒಂದು ಸಾಲು ಮೊಟ್ಟೆ, ಮತ್ತೆ ಹೊಟ್ಟು. ಮಡಕೆಯನ್ನು ಅರ್ಧ ಮರಳಿನಲ್ಲಿ ಹುಗಿದು, ಆ ಮರಳನ್ನು ಬೆಳಿಗ್ಗೆ ಸಂಜೆ ತೇವ ಮಾಡಬೇಕು.

ಆ ಮಡಕೆ ಅವರ ಅತ್ತೆಯದು. ಮದುವೆಯಾಗಿ ಬಂದ ಮೊದಲ ನೋಂಬಿನಲ್ಲಿ ಅತ್ತೆ ಅದನ್ನು ಸೊಸೆಯ ಮುಂದೆ ಇಟ್ಟು, "ಇನ್ನು ನಿಂದು" ಅಂದರಂತೆ.

"ಒಡವೆ ಕೊಡ್ತಾರೇನೋ ಅಂದ್ಕೊಂಡು ಎರಡೂ ಕೈ ಚಾಚಿದ್ದೆ ಮಗಳೇ," ಎಂದು ಚೇಡತ್ತಿ ಒಮ್ಮೆ ನನಗೆ ಹೇಳಿದ್ದರು. "ಆಮೇಲೆ ಕೈ ಹಿಂದಕ್ಕೆ ತಗೊಳ್ಳೋಕೆ ಆಗಲೇ ಇಲ್ಲ."

ಈಸ್ಟರ್ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದು ನೋಂಬು ಬಿಡುವುದು ಹಿರಿಯ ಮಗನ ಮನೆಯಲ್ಲಿ, ಅಂದರೆ ಇಟ್ಟೂಪ್ ಚೇಟ್ಟನ ಮನೆಯಲ್ಲಿ. ಅವರ ತಮ್ಮನ ಸಂಸಾರ, ತಂಗಿ ಏಲಮ್ಮನ ಸಂಸಾರ ಎಲ್ಲ ಬರುತ್ತಿದ್ದರು. ಅಪ್ಪಂ, ಅದಕ್ಕೆ ಈರುಳ್ಳಿ ಕೆಂಪಗೆ ಹುರಿದು ಮಾಡಿದ ಬಾತಿನ ಮೊಟ್ಟೆಯ ರೋಸ್ಟ್. ಗಂಡಸರ ತಟ್ಟೆಗೆ ಇಡೀ ಮೊಟ್ಟೆ, ಕೆಲವರಿಗೆ ಎರಡು. ಮಕ್ಕಳಿಗೆ ನೂಲಿನಿಂದ ಕುಯ್ದ ಅರ್ಧ. ಮಡಕೆ ಕಾದವರಿಗೆ ಬಾಣಲೆಯ ತಳದ ಮಸಾಲೆ. ಯಾರೂ ಕೊಡಬಾರದೆಂದು ಕೊಡದೆ ಇದ್ದದ್ದಲ್ಲ. ಬಡಿಸಿ ಬಡಿಸಿ ಕೊನೆಗೆ ಅಷ್ಟೇ ಉಳಿಯುತ್ತಿತ್ತು.

ಆ ವರ್ಷ ನೋಂಬು ಹಿಡಿಯುವ ಹಿಂದಿನ ದಿನ, ಮನೆಯಲ್ಲಿ ಉಳಿದ ಮಾಂಸ ಮೊಟ್ಟೆಯನ್ನೆಲ್ಲ ತಿಂದು ಖಾಲಿ ಮಾಡುವ ದಿನ, ಚೇಡತ್ತಿ ಗಂಡನಿಗೆ ಬಡಿಸುತ್ತಾ ಮಾತು ತೆಗೆದರು. ನಾನು ಮೀನಿನ ಸಾರು ಕೊಡಲು ಹೋದವಳು ಅಲ್ಲೇ ಇದ್ದೆ.

"ಈ ಈಸ್ಟರ್ ಮುಗಿದ್ಮೇಲೆ ಬಾತುಗಳನ್ನ ಕೊಟ್ಬಿಡೋಣ. ಮಂಡಿ ಬಗ್ಗಲ್ಲ ನಂಗೆ. ಗೂಡಿನೊಳಗೆ ಹೋದ್ರೆ ಹೊರಗೆ ಬರೋಕೆ ಆಗಲ್ಲ."

"ಬಾತಿಲ್ಲದ ಮನೇನಾ? ಒಡ್ಡಿನ ಮೇಲೆ ಇದ್ದು? ಏಲಮ್ಮ ನಗ್ತಾಳೆ."

"ನಗಲಿ. ಅವಳ ಮಂಡಿ ಚೆನ್ನಾಗಿದೆ."

"ಅದರಲ್ಲಿ ಕೆಲಸ ಅನ್ನೋದು ಏನಿದೆ ಹೇಳು? ತಾನೇ ಹೋಗುತ್ತೆ, ತಾನೇ ತಿನ್ನುತ್ತೆ, ತಾನೇ ಬರುತ್ತೆ, ತಾನೇ ಇಡುತ್ತೆ. ನೀನು ಎತ್ತಿಡ್ತೀಯ, ಅಷ್ಟೇ ತಾನೆ?"

"ಅಷ್ಟೇ," ಎಂದರು ಚೇಡತ್ತಿ. ಇನ್ನೊಂದು ತುಂಡು ಮಾಂಸ ಅವರ ತಟ್ಟೆಗೆ ಹಾಕಿದರು. "ಆದ್ರೂ ಕೊಟ್ಬಿಡೋಣ."

"ಈಸ್ಟರ್ ಆಗಲಿ, ನೋಡೋಣ," ಎಂದು ಇಟ್ಟೂಪ್ ಚೇಟ್ಟ ಕೈ ತೊಳೆದರು. ನೋಡೋಣ ಎಂದರೆ ಇಲ್ಲ ಎಂದರ್ಥ. ಆದರೆ ಚೇಡತ್ತಿ ಅದನ್ನು ಮಾತು ಕೊಟ್ಟಂತೆ ಎತ್ತಿಟ್ಟುಕೊಂಡರು. ಆ ನೋಂಬಿನಲ್ಲಿ ಗೂಡಿನಿಂದ ಹಿಮ್ಮುಖವಾಗಿ ತೆವಳಿ ಹೊರಬಂದು, ಗೋಡೆ ಹಿಡಿದು ನಿಲ್ಲುವಾಗಲೆಲ್ಲ ನನ್ನ ಕಡೆ ನೋಡಿ, "ಈಸ್ಟರ್ ತನಕ ಮಗಳೇ," ಅನ್ನುತ್ತಿದ್ದರು.

ಮಡಕೆಗೆ ಇನ್ನೂ ಎರಡು ಸಾಲು ಬಿದ್ದಿರಲಿಲ್ಲ, ಬೆಟ್ಟದ ಕಡೆಯ ರಬ್ಬರ್ ತೋಟದ ಊರಿನಿಂದ ಅಳಿಯ ಬಂದ. ಮಗಳು ಸೆಲಿನ್‌ಗೆ ಹೆರಿಗೆ ಬೇಗನೆ ಆಗಬಹುದಂತೆ, ಪ್ರಯಾಣ ಮಾಡಿಸಬಾರದಂತೆ, ಅಮ್ಮನೇ ಬರಬೇಕಂತೆ. ಚೇಡತ್ತಿ ಬಾಣಂತಿಯ ಎಣ್ಣೆ, ಹಳೆಯ ಮೃದು ಬಟ್ಟೆ ಎಲ್ಲ ಕಟ್ಟಿಕೊಂಡರು. ದೋಣಿ ಹತ್ತುವ ಮುಂಚೆ ಗಂಡನಿಗೆ ಹೇಳಿದ್ದು ನಾನು ಈ ದಡದಿಂದ ಕೇಳಿಸಿಕೊಂಡೆ.

"ಬೆಳಿಗ್ಗೆ ಎತ್ತಿ, ಒಣ ನಾರಿಂದ ಒರೆಸಿ, ಎಣ್ಣೆ ಸವರಿ ಮಡಕೇಲಿಡಿ. ಬೇರೆ ಏನೂ ಮಾಡ್ಬೇಡಿ. ನಿಮ್ಮ ಕೈಲಾಗದಿದ್ರೆ ಭಾರ್ಗವೀಗೆ ಹೇಳಿ."

"ಮೋಟಾರು ನಡೆಸಿದವನು ನಾನು. ನಂಗೆ ಮೊಟ್ಟೆ ಎತ್ತೋದು ಹೇಳ್ಕೊಡ್ತೀಯಾ? ಹೋಗೇ."

ಕೆಲವು ದಿನ ಅವರು ಹೇಳಿದಂತೆಯೇ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ತೋಡಿಗಿಳಿಯುವ ಕಡವಿನ ಮೆಟ್ಟಿಲ ಮೇಲೆ ಕುಳಿತು, ಬಕೆಟ್ಟಿನ ತುಂಬ ಮೊಟ್ಟೆಗಳನ್ನಿಟ್ಟುಕೊಂಡು, ತೋಡಿನ ನೀರಿನಲ್ಲಿ ಒಂದೊಂದನ್ನೇ ಸೋಪು ಹಾಕಿ ಉಜ್ಜುತ್ತಿದ್ದಾರೆ. ಚೇಡತ್ತಿ ಮಡಕೆಯಲ್ಲಿ ಇಟ್ಟು ಹೋಗಿದ್ದವನ್ನೂ ತೆಗೆದಿದ್ದರು. ಅವಕ್ಕೆ ಎಣ್ಣೆಯ ಜಿಡ್ಡಿಗೆ ಹೊಟ್ಟಿನ ದೂಳು ಅಂಟಿತ್ತು, ಅದನ್ನು ಅವರಿಂದ ಸಹಿಸಲಾಗಲಿಲ್ಲ.

ಭಾರ್ಗವಿ ಕೊಡ ಹಿಡಿದು ಬಂದವಳು ನಿಂತಳು. "ಇದೇನು ಇಟ್ಟೂಪ್ ಚೇಟ್ಟಾ, ಮೊಟ್ಟೆಗಳಿಗೆ ಜ್ಞಾನಸ್ನಾನ ಮಾಡಿಸ್ತಿದ್ದೀರಾ?"

"ನಿಮ್ಮ ಚೇಡತ್ತಿ ಇಷ್ಟು ವರ್ಷ ಹಿಕ್ಕೆ ಮೆತ್ತಿದ ಮೊಟ್ಟೆ ತಿನ್ನಿಸಿದ್ದಾಳೆ ನಂಗೆ. ನೋಡಿಲ್ಲಿ, ಮುತ್ತಿನ ಹಾಗಿದೆ."

"ತೊಳೆದ್ರೆ ಕೆಟ್ಟುಹೋಗುತ್ತೆ."

"ತೊಳೆದ್ರೆ ಕೆಡೋ ವಸ್ತು ಲೋಕದಲ್ಲಿ ಯಾವುದಿದೆಯೇ? ನೀನು ಮಗೂನ ತೊಳೆಯಲ್ವಾ?"

"ಮಗೂನ ತೊಳೆದು ಡಬ್ಬೀಲಿ ಹಾಕಿ ಮುಚ್ಚಿಡಲ್ಲ ನಾನು."

ನಾನೂ ಈ ದಡದಿಂದ ಹೇಳಿದೆ. "ಅವಳು ಹೇಳೋದು ಸರಿ ಚೇಟ್ಟಾ, ನಮ್ಮನೇಲೂ ತೊಳೆಯಲ್ಲ." ಅವರು ಒಂದು ಮೊಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನನಗೆ ತೋರಿಸಿದರು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಬಾತಿನ ಮೊಟ್ಟೆಗೆ ಒಂದು ತಿಳಿನೀಲಿ ಇರುತ್ತದೆ ಎಂಬುದನ್ನು ನಾನು ಅಂದೇ ಸರಿಯಾಗಿ ಕಂಡದ್ದು.

ಅವನ್ನೆಲ್ಲ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಇಲಿ ಮುಟ್ಟದ ಹಾಗೆ ಮುಚ್ಚಳ ಬಿಗಿದು, ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು. ಅಲ್ಲಿಂದ ಮುಂದೆ ಪ್ರತಿದಿನ ಹೊಸದನ್ನು ತೊಳೆಯುವುದು, ಡ್ರಮ್ಮಿಗೆ ಸೇರಿಸುವುದು. ಬೇರೆ ಕಾಲವಾಗಿದ್ದರೆ ನಾಲ್ಕು ದಿನದಲ್ಲಿ ಯಾರಾದರೂ ಒಂದನ್ನು ಒಡೆಯುತ್ತಿದ್ದರು, ಗೊತ್ತಾಗಿಬಿಡುತ್ತಿತ್ತು. ನೋಂಬಿನಲ್ಲಿ ಯಾರು ಒಡೆಯುತ್ತಾರೆ? ಹೊರಗೆ ಮುತ್ತು, ಒಳಗೆ ಏನು ನಡೆಯುತ್ತಿದೆ ಎಂದು ಈಸ್ಟರ್ ತನಕ ಯಾರಿಗೂ ತಿಳಿಯುವಂತಿರಲಿಲ್ಲ.

ಸೆಲಿನ್‌ಗೆ ಹೆಣ್ಣುಮಗುವಾಯಿತು. ಚೇಡತ್ತಿ ಅಲ್ಲಿ ಬಾಣಂತನ ಮಾಡಿ, ಈಸ್ಟರಿಗೆ ಮುಂಚಿನ ಪೆಸಹ ಗುರುವಾರದ ಹಿಂದಿನ ಸಂಜೆ ವಾಪಸಾದರು. ದೋಣಿಯಿಂದ ಇಳಿಯುವಾಗ ಕಾಲು ಬಾತಿದ್ದು ನನಗೇ ಕಂಡಿತು. ಎರಡೂ ಪಾದ ನೆಲಕ್ಕೆ ಊರಲು ಹೊತ್ತು ಹಿಡಿಯಿತು.

"ಮೊಟ್ಟೆ?" ಎಂದು ಗಂಡನನ್ನು ಕೇಳಿದರು.

"ಎಲ್ಲಾ ಭದ್ರ. ಶನಿವಾರ ತೆಗೆದು ತೋರಿಸ್ತೀನಿ, ಅಲ್ಲೀತನಕ ಗೂಡಿನ ಕಡೆ, ಮಡಕೆ ಕಡೆ ಬರಬೇಡ, ನೀನೇ ಬೆರಗಾಗ್ತೀಯ. ಮುಂಚೆ ಕಾಫಿ ಮಾಡು, ನೀನು ಹೋದಾಗಿಂದ ಒಳ್ಳೇ ಕಾಫಿ ಕುಡಿದಿಲ್ಲ."

ನೋಂಬಿನಲ್ಲಿ ಮನೆಯಲ್ಲಿದ್ದೂ ಮಡಕೆಯ ಮುಚ್ಚಳ ಎತ್ತಿ ನೋಡದೆ ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು. ಬೇರೆಯವರು ನೋಡಿಕೊಂಡಿದ್ದಾರೆ ಎಂದುಕೊಂಡು ಮಲಗುವುದು ಹೇಗಿರುತ್ತದೆಂದು ಆ ಒಂದು ರಾತ್ರಿ ಗೊತ್ತಾಯಿತಂತೆ. ಒಳ್ಳೆಯ ನಿದ್ರೆ ಬಂತಂತೆ.

ಗುರುವಾರ ಅಕ್ಕಿ ಉದ್ದು ರುಬ್ಬಿ ಪೆಸಹದ ಹುಳಿಯಿಲ್ಲದ ಅಪ್ಪಂ ಬೇಯಿಸಿ, ತೆಂಗಿನ ಹಾಲಿಗೆ ಬೆಲ್ಲ ಕರಗಿಸಿದರು. ಸಂಜೆ ಮನೆಯ ಯಜಮಾನ ಪ್ರಾರ್ಥನೆ ಹೇಳಿ ಅದನ್ನು ಮುರಿದು ಎಲ್ಲರಿಗೂ ಹಂಚಿದರು. ಮಾಡುವವರು ಒಬ್ಬರು, ಮುರಿಯುವವರು ಒಬ್ಬರು. ಕಟ್ಟಳೆ ಹಾಗಿದೆ. ಶುಭ ಶುಕ್ರವಾರ ಇಗರ್ಜಿಯಲ್ಲಿ ಬೆಳಗಿನಿಂದ ನಿಲ್ಲುವುದು, ಮಂಡಿಯೂರುವುದು, ಏಳುವುದು. ಚೇಡತ್ತಿ ಮಂಡಿಯೂರಿದವರು ಏಳಲಾಗದೆ, ನನ್ನ ಭುಜ ಹಿಡಿದು ಎದ್ದರು. "ಇನ್ನೊಂದು ದಿನ," ಎಂದರು ಕಿವಿಯಲ್ಲಿ. ಪ್ರಾರ್ಥನೆ ಎಂದುಕೊಂಡು ಪಕ್ಕದವರು "ಆಮೆನ್" ಅಂದರು.

ಶನಿವಾರ ಮಧ್ಯಾಹ್ನ ಅಪ್ಪಂನ ಹಿಟ್ಟು ಉಬ್ಬಲಿಟ್ಟು, ಈರುಳ್ಳಿ ಸುಲಿಯಲು ನನ್ನನ್ನು ಕರೆದರು. ನಾನು ಹೋಗುವಾಗ ಇಟ್ಟೂಪ್ ಚೇಟ್ಟ ಡ್ರಮ್ಮನ್ನು ತಬ್ಬಿಕೊಂಡು ಅಡುಗೆಮನೆಗೆ ತಂದು ಇಟ್ಟಿದ್ದರಷ್ಟೆ. ಮುಖದ ತುಂಬ ನಗು. ಚೇಡತ್ತಿ ಮುಚ್ಚಳ ತೆಗೆದರು. ಒಳಗಿನ ಬೆಳ್ಳನೆಯ ಮೊಟ್ಟೆಗಳನ್ನೂ, ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿದ್ದ ನೀರನ್ನೂ ನೋಡಿದರು.

"ತೊಳೆದ್ರಾ?"

"ಮತ್ತೆ? ಒಂದೊಂದನ್ನೂ. ಸೋಪು ಹಾಕಿ."

ಚೇಡತ್ತಿ ದೊಡ್ಡ ಪಾತ್ರೆಗೆ ನೀರು ತುಂಬಿ, ಒಂದು ಮೊಟ್ಟೆ ಬಿಟ್ಟರು. ಅದು ತೇಲಿತು. ಇನ್ನೊಂದು ಬಿಟ್ಟರು. ತೇಲಿತು. ಕೈ ತುಂಬ ತೆಗೆದು ಬಿಟ್ಟರು. ಮೊಟ್ಟೆಗಳು ನೀರಿನ ಮೇಲೆ ಒಂದಕ್ಕೊಂದು ತಾಗಿಕೊಂಡು, ಅವನ್ನಿಟ್ಟ ಬಾತುಗಳ ಹಾಗೆಯೇ ಹಾಯಾಗಿ ತೇಲುತ್ತಿದ್ದವು. ಮೊನ್ನೆ ನಿನ್ನೆ ಇಟ್ಟ ನಾಲ್ಕಾರು ಮಾತ್ರ ತಳ ಸೇರಿದವು. ಡ್ರಮ್ಮಿನ ಅಡಿಯಲ್ಲಿದ್ದ ಒಂದು ಕೈ ತಾಗುತ್ತಲೇ ಪಟ್ಟೆಂದು ಒಡೆಯಿತು. ಆ ನಾತಕ್ಕೆ ನಾನು ಸೆರಗು ಮುಚ್ಚಿಕೊಂಡು ಹೊರಗೋಡಿದೆ. ಒಳಗೆ ಬರುವಷ್ಟರಲ್ಲಿ ಮಾತು ನಡೆದಿತ್ತು.

"ತೊಳೀಬಾರದು ಅಂತ ನೀನು ಹೇಳ್ಬೇಕಿತ್ತು."

"ಬೇರೆ ಏನೂ ಮಾಡ್ಬೇಡಿ ಅಂದಿದ್ದೆ."

"ಏನೂ ಮಾಡ್ಬೇಡ ಅಂದ್ರೆ ತೊಳೀಬೇಡ ಅಂತ ನಾನು ಹೇಗೆ ತಿಳ್ಕೊಳ್ಳೋದು?"

ಚೇಡತ್ತಿ ಅವರನ್ನೇ ನೋಡಿದರು. ಸಿಟ್ಟಿನ ನೋಟವಲ್ಲ. ಬಹಳ ದೂರದ ಊರಿನ ದಾರಿ ಕೇಳಿದವರಿಗೆ ಎಲ್ಲಿಂದ ಹೇಳಲು ಶುರುಮಾಡಬೇಕೆಂದು ತಿಳಿಯದೆ ನೋಡುತ್ತಾರಲ್ಲ, ಹಾಗೆ. ಆಮೇಲೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ಬೆಳಿಗ್ಗೆ ಏಲಮ್ಮ ಬರ್ತಾಳೆ," ಎಂದರು ಇಟ್ಟೂಪ್ ಚೇಟ್ಟ.

"ಬರ್ತಾಳೆ."

"ತಮ್ಮನ ಮನೆಯವರು ಎಲ್ಲಾ."

"ಹೂಂ."

"ಈಗೇನು ಮಾಡೋದು?"

ಆ ಪ್ರಶ್ನೆ ಕೇಳಿ ಅವರು ಕಾಯುತ್ತಾ ನಿಂತರು. ನಿಜ ಹೇಳಬೇಕೆಂದರೆ ನಾನೂ ಕಾದೆ. ಚೇಡತ್ತಿ ಈಗ ನಿಟ್ಟುಸಿರು ಬಿಟ್ಟು, ಬುಟ್ಟಿ ತೆಗೆದುಕೊಂಡು, ಕುಂಟುತ್ತಾ ಒಡ್ಡಿನ ಮನೆಮನೆಗೂ ಹೋಗಿ ನಾಲ್ಕು ಇಲ್ಲಿ ಆರು ಅಲ್ಲಿ ಎಂದು ತಂದು, ಬೆಳಗಾಗುವಷ್ಟರಲ್ಲಿ ರೋಸ್ಟ್ ಮಾಡಿ ಮುಚ್ಚಿಡುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚೇಡತ್ತಿಗೂ ಗೊತ್ತಿತ್ತು. ಕಾಲು ಚಾಚಿದರು, ತಲೆಯನ್ನು ಗೋಡೆಗೆ ಒರಗಿಸಿದರು.

"ನಂಗೆ ಗೊತ್ತಿಲ್ಲ," ಎಂದರು.

"ಕಾಲು ನೋವಾ?"

"ಕಾಲೂ ನೋವು."

ಹಾಗೆಯೇ ಕಣ್ಣು ಮುಚ್ಚಿಕೊಂಡರು. ಇಟ್ಟೂಪ್ ಚೇಟ್ಟ ತೇಲುವ ಮೊಟ್ಟೆಗಳನ್ನು ನೋಡಿದರು. ಒಮ್ಮೆ ನನ್ನ ಕಡೆ ತಿರುಗಿದರು. ನಾನು ಈರುಳ್ಳಿಯ ಮೇಲೆ ಬಗ್ಗಿದೆ. ಕೊನೆಗೆ ಮೊಳೆಗೆ ತೂಗುಹಾಕಿದ್ದ ಬುಟ್ಟಿ ತೆಗೆದುಕೊಂಡು ಹೊರಟರು. ಬಿಳಿ ಮುಂಡು, ಕೈಯಲ್ಲಿ ಖಾಲಿ ಬುಟ್ಟಿ, ನೆತ್ತಿಯ ಮೇಲೆ ಬಿಸಿಲು.

ಯಾವ ಮನೆಗೆ ಹೋದರೂ ಮುಂಬಾಗಿಲಿನ ಗಂಡಸರು, "ಮೊಟ್ಟೇನಾ? ಹಿಂದುಗಡೆ ಹೋಗಿ ಕೇಳಿ," ಅಂದರಂತೆ. ಹಿತ್ತಲಿಗೆ ಹೋದರೆ ಹೆಂಗಸರು. ನಮ್ಮ ಮನೆಗೆ ಬಂದಾಗ ನನ್ನ ಅತ್ತೆ ಅವರನ್ನು ಅಡುಗೆಮನೆ ಬಾಗಿಲಲ್ಲೇ ನಿಲ್ಲಿಸಿಕೊಂಡು, "ಇಟ್ಟೂಪೇ, ಪೆಣ್ಣಮ್ಮ ಎಲ್ಲಿ?" ಎಂದು ವಿಚಾರಿಸಿದರಂತೆ.

"ಕಾಲು ನೋವು ಅವಳಿಗೆ."

"ನಿನ್ನ ಮೊಟ್ಟೆ ಏನಾಯ್ತು?"

"ಕೆಟ್ಟೋಯ್ತು."

"ತೊಳೆದ್ಯಾ?"

"...ಹೂಂ."

"ಎಣ್ಣೆ?"

"ಅದನ್ನೂ ತೊಳೆದೆ."

"ನಮ್ಮನೆಯವರೂ ಒಂದ್ಸಲ ಹಾಗೇ ಮಾಡಿದ್ರು," ಎಂದು ಅತ್ತೆ ಮಡಕೆಯ ಹೊಟ್ಟಿಗೆ ಕೈ ಹಾಕಿದರಂತೆ. "ಎತ್ತಿಟ್ಟದ್ದು ನಮಗೇ ಸರಿಹೋಗುತ್ತೆ. ಇವತ್ತಿಂದು ಕೊಡ್ತೀನಿ, ತಗೋ. ಸಿಪ್ಪೆ ಬಿಡಲ್ಲ, ನೋಡ್ಕೋ. ಹಳೇದಾದಷ್ಟೂ ಸಲೀಸು. ಹೊಸದು ಚರ್ಮ ಕಿತ್ಕೊಂಡು ಬರುತ್ತೆ."

ಎಲ್ಲ ಮನೆಯವರೂ ಅಂದು ಇಟ್ಟದ್ದನ್ನೇ ಕೊಟ್ಟರು. ಕಾದಿಟ್ಟದ್ದನ್ನು ಯಾರು ಕೊಡುತ್ತಾರೆ? ಒಬ್ಬೊಬ್ಬರೂ ಮೊಟ್ಟೆಯ ಜೊತೆ ಒಂದೊಂದು ಬುದ್ಧಿಮಾತನ್ನೂ ಹಾಕಿ ಕಳಿಸಿದರು. ಭಾರ್ಗವಿ ಎರಡು ಹೆಚ್ಚಿಗೆ ಕೊಟ್ಟು, "ಜ್ಞಾನಸ್ನಾನ ಆಗದೇ ಇರೋವು, ಜೋಪಾನ," ಅಂದಳಂತೆ. ಬುಟ್ಟಿ ತುಂಬಿಸಿಕೊಂಡು ಬಂದ ಮನುಷ್ಯ ಕೆಟ್ಟ ಮೊಟ್ಟೆಗಳನ್ನೆಲ್ಲ ತೆಂಗಿನ ಬುಡದಲ್ಲಿ ಹೂತರು. ಅಷ್ಟರಲ್ಲಿ ಇನ್ನೆರಡು ಸಿಡಿದು ಮುಂಡು ಹಾಳಾಗಿತ್ತು. ಒಲೆ ಹಚ್ಚಿ, ಮೊಟ್ಟೆ ಬೇಯಿಸಿ, ಸುಲಿಯಲು ಕುಳಿತರು. ಸಿಪ್ಪೆಯ ಜೊತೆ ಬಿಳಿಭಾಗವೂ ಚೂರುಚೂರಾಗಿ ಕಿತ್ತು ಬರುತ್ತಿತ್ತು. ಅರ್ಧ ಸುಲಿಯುವಷ್ಟರಲ್ಲಿ ಒಮ್ಮೆ "ಪೆಣ್ಣಮ್ಮಾ" ಅಂದರು. ಚೇಡತ್ತಿ ಸ್ಟೂಲಿನ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಆ ಮುಖ ನೋಡಿ ಎಬ್ಬಿಸಲು ಅವರಿಗೂ ಮನಸ್ಸಾಗಲಿಲ್ಲವೇನೋ, ಮತ್ತೆ ಬಗ್ಗಿದರು. ನಾನು ಈರುಳ್ಳಿ ಹುರಿದುಕೊಟ್ಟು ಮನೆಗೆ ಬಂದೆ.

ಈಸ್ಟರ್ ಬೆಳಿಗ್ಗೆ ಬಡಿಸಲು ಕೈ ಸಾಲದೆಂದು ನಾನೂ ಹೋಗಿದ್ದೆ. ಏಲಮ್ಮ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಸಿಡುಬಿನ ಕಲೆಯ ಮುಖದ ಹಾಗಿತ್ತು ಅದು.

"ನಾತೂನೇ, ಇದೇನಿದು? ಈ ಸಲ ಇಲಿ ಸುಲಿದದ್ದಾ?" ಎಂದು ಅತ್ತಿಗೆಯನ್ನು ಕೇಳಿದಳು.

"ನಿಮ್ಮಣ್ಣನ್ನ ಕೇಳು," ಎಂದರು ಚೇಡತ್ತಿ.

ಇಟ್ಟೂಪ್ ಚೇಟ್ಟ ಅಪ್ಪಂ ಮುರಿಯುತ್ತಾ ತಲೆ ಎತ್ತದೆ ಹೇಳಿದರು. "ಹೊಸ ಮೊಟ್ಟೆ ಸಿಪ್ಪೆ ಬಿಡಲ್ಲ ಏಲಮ್ಮಾ. ಹಳೇದಾದಷ್ಟೂ ಸಲೀಸು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಚೇಡತ್ತಿ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. ಆ ದಿನ ಅವರು ಎಲ್ಲರ ಜೊತೆಗೇ ಕುಳಿತು ಒಂದು ಇಡೀ ಮೊಟ್ಟೆ ತಿಂದರು. ಅದು ಹೇಗಿತ್ತು ಎಂದು ಆಮೇಲೆ ಕೇಳಿದೆ. "ಉಪ್ಪು ಕಡಿಮೆ," ಎಂದರು.

ಬಂದವರೆಲ್ಲ ಹೋದ ಮೇಲೆ ಅವರು ಎತ್ತಿಟ್ಟುಕೊಂಡಿದ್ದ ಮಾತನ್ನು ಹೊರತೆಗೆದರು. ಈಸ್ಟರ್ ಆಯಿತಲ್ಲ, ಇನ್ನು ಬಾತುಗಳನ್ನು ಕೊಡೋಣ ಎಂದರು. ಇಟ್ಟೂಪ್ ಚೇಟ್ಟ ಒಪ್ಪಲಿಲ್ಲ. ಆದರೆ ಅವರು ಒಪ್ಪದೆ ಇದ್ದದ್ದು ಬೇರೆ ರೀತಿಯಲ್ಲಿ. "ಈಗ ತಾನೆ ನಂಗೆ ಕೈ ಕೂರ್ತಾ ಇದೆ," ಎಂದರು. "ಇನ್ಮೇಲೆ ನಾನೇ ನೋಡ್ಕೋತೀನಿ. ನೀನು ಗೂಡಿನ ಕಡೆ ಬರಲೇಬೇಡ."

ಮಾತು ತಪ್ಪಲಿಲ್ಲ. ಬೆಳಿಗ್ಗೆ ಅವರೇ ಗೂಡಿಗೆ ಬಗ್ಗಿದರು, ಅವರೇ ಒಣ ನಾರಿನಿಂದ ಒರೆಸಿದರು, ಅವರೇ ಎಣ್ಣೆ ಸವರಿದರು. ಆದರೆ ಒಂದೊಂದು ಮೊಟ್ಟೆಗೂ ಒಂದೊಂದು ಕೂಗು. "ಪೆಣ್ಣಮ್ಮಾ, ಇದು ಬಿರುಕಾ ನೋಡು." "ಪೆಣ್ಣಮ್ಮಾ, ಎಣ್ಣೆ ಸಾಕಾ?" "ಚೂಪು ಕಡೆ ಯಾವುದು ಇದರಲ್ಲಿ? ಎರಡೂ ಕಡೆ ಒಂದೇ ಥರ ಇದೆಯಲ್ಲಾ. ಬಾ ಇಲ್ಲಿ." ಚೇಡತ್ತಿ ಮಂಡಿ ಹಿಡಿದು ಎದ್ದು ಹೋಗಿ, ನೋಡಿ, ವಾಪಸು ಬಂದು ಕೂರುತ್ತಿದ್ದರು. ಮತ್ತೆ ಕೂಗು.

"ಮುಂಚೆ ಒಂದೇ ಸಲ ಬಗ್ತಿದ್ದೆ ಮಗಳೇ," ಎಂದರು ಒಂದು ದಿನ.

ಅದಾಗಿ ಸ್ವಲ್ಪ ಕಾಲದ ಮೇಲೆ, ಮೊದಲ ಮಳೆಗೆ ಇನ್ನೂ ಹೊತ್ತಿದ್ದ ಒಂದು ಸಂಜೆ, ಅವರು ಆ ದಡದ ಮೆಟ್ಟಿಲ ಮೇಲೆ ಕುಳಿತು ಬಾತುಕೊಂಡ ಕಾಲುಗಳನ್ನು ತೋಡಿನ ನೀರಿಗೆ ಇಳಿಬಿಟ್ಟಿದ್ದರು. ನಾನು ಈ ದಡದಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಒಳಗಿನಿಂದ ಕೂಗು ಬಂತು.

"ಪೆಣ್ಣಮ್ಮಾ."

ಚೇಡತ್ತಿ ಅಲುಗಲಿಲ್ಲ.

"ಏ ಪೆಣ್ಣಮ್ಮಾ, ಬಂದು ನೋಡೇ."

ನಾನು ತಲೆ ಎತ್ತಿದೆ. ಅವರು ನೀರಿನಲ್ಲಿ ಕಾಲಿನ ಬೆರಳುಗಳನ್ನು ಬಿಡಿಸಿ ಮಡಿಚಿ ನೋಡಿಕೊಳ್ಳುತ್ತಿದ್ದರು. ಮೂರನೆಯ ಕೂಗು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಡಕೆಯ ಮೇಲೆ ಮುಚ್ಚಳ ಕೂತ ಸದ್ದು ಕೇಳಿತು, ಟೊಳ್ಳಾಗಿ, ಟಣ್ ಎಂದು.

ಚೇಡತ್ತಿ ಕಿವಿ ಆ ಕಡೆ ತಿರುಗಿಸಿದರು.

"ಮೇಲಿನ ಹೊಟ್ಟು ಹಾಕದೇ ಮುಚ್ಚಿದ್ರು," ಎಂದರು.

ಏಳುತ್ತಾರೆಂದು ನಾನು ನೋಡಿದೆ. ಅವರು ಏಳಲಿಲ್ಲ. ಕತ್ತಲಾಗುವ ತನಕ ಕಾಲುಗಳನ್ನು ನೀರಿನಲ್ಲೇ ಬಿಟ್ಟುಕೊಂಡು ಕುಳಿತಿದ್ದರು.